ಸೋರ್ಸ್‌ನಲ್ಲೇ ಇದ್ದ ವಾಕ್ಯ ಕಣ್ಣಿಗೆ ಬೀಳದೆ ಹೋದದ್ದು

ಮೇಷ್ಟ್ರೂ ನಾನೂ ಸೇರಿ ಒಂದು ಚಿಕ್ಕ ಜಾಲತಾಣ ನಡೆಸುತ್ತೇವೆ. ಹಳೆಯ ಕನ್ನಡ ಪದಗಳ ಅರ್ಥ, ಅವು ಬಳಕೆಯಾಗುವ ಬಗೆ, ಅಷ್ಟೇ. ಬರವಣಿಗೆ ಅವರದು, ತಾಂತ್ರಿಕ ಕೆಲಸ ನನ್ನದು. ಮುಖಪುಟದ ವಿವರಣೆ ಹಳತಾಗಿತ್ತು ಅಂತ ಅವರೇ ಹೊಸದೊಂದು ವಾಕ್ಯ ಬರೆದು ಕೊಟ್ಟಿದ್ದರು. ನಾನು ಅದನ್ನು ಹಾಕಿ ಒಂದು ವಾರವಾಗಿತ್ತು. ಒಂದು ಬೆಳಿಗ್ಗೆ ಅವರ ಫೋನ್ ಬಂತು.

"ವಿವರಣೆ ಬದಲಾಯಿಸಿದ್ದೀನಿ ಅಂದ್ಯಲ್ಲಮ್ಮಾ, ಲಿಂಕ್ ಕಳಿಸಿದ್ರೆ ಹಳೇದೇ ಬರ್ತಾ ಇದೆ. ಚಿತ್ರಾನೂ ಬರ್ತಾ ಇಲ್ಲ."

"ಪುಟ ತೆರೆದ್ರೆ ಹೊಸದೇ ಕಾಣ್ತಿದೆ ತಾನೇ ಮೇಷ್ಟ್ರೇ?"

"ಪುಟದಲ್ಲಿ ಸರಿಯಾಗಿದೆ. ಲಿಂಕ್ ಕೆಳಗೆ ಬರುತ್ತಲ್ಲ, ಆ ಚೌಕದಲ್ಲಿ ಹಳೇದು."

ಲಿಂಕ್ ಕಳಿಸಿದಾಗ ಮೆಸೇಜ್‌ನಲ್ಲಿ ಮೂಡುವ ಆ ಚೌಕ ಆಕಾಶದಿಂದ ಉದುರುವುದಿಲ್ಲ. ಆ್ಯಪ್ ನಮ್ಮ ಪುಟದ ವಿಳಾಸಕ್ಕೆ ಹೋಗಿ, ಪುಟವನ್ನು ಇಟ್ಟುಕೊಂಡಿರುವ ಸರ್ವರ್ ಕೊಡುವ ಎಚ್‌ಟಿಎಂಎಲ್ (ಪುಟವನ್ನು ಬರೆದಿರುವ ಸಂಕೇತಭಾಷೆಯ ಪಠ್ಯ) ತೆಗೆದುಕೊಂಡು, ಅದರ ಹೆಡ್ ಅನ್ನುವ ತಲೆಭಾಗದಲ್ಲಿ, ಪುಟದ ಬಗ್ಗೆ ಮಾಹಿತಿ ಹೇಳಲು ಇರುವ ಮೆಟಾ ಟ್ಯಾಗ್‌ಗಳಿಂದ ಶೀರ್ಷಿಕೆ, ವಿವರಣೆ, ಚಿತ್ರ ಆರಿಸಿಕೊಳ್ಳುತ್ತದೆ. ಹಾಗಾಗಿ ಮಾಡಬೇಕಾದದ್ದು ಸ್ಪಷ್ಟವಾಗಿತ್ತು: ಪುಟದ ಸೋರ್ಸ್, ಅಂದರೆ ಆ ಎಚ್‌ಟಿಎಂಎಲ್ ಪಠ್ಯವನ್ನೇ ತೆರೆದು, ಆ ಟ್ಯಾಗ್‌ನಲ್ಲಿ ಯಾವ ವಾಕ್ಯ ಕೂತಿದೆ ಅಂತ ನೋಡುವುದು.

ಆ ಹೊತ್ತಿಗೆ ನನ್ನ ಮುಂದಿದ್ದುದು ಕಚೇರಿಯ ಲ್ಯಾಪ್‌ಟಾಪ್. ಸೋರ್ಸ್ ತೆರೆಯಲು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದೆ, ಏನೂ ಆಗಲಿಲ್ಲ. ವಿಳಾಸಪಟ್ಟಿಯಲ್ಲಿ ಪುಟದ ವಿಳಾಸದ ಮುಂದೆ 'ವ್ಯೂ', ಹೈಫನ್, 'ಸೋರ್ಸ್', ಕೋಲನ್ ಇಷ್ಟನ್ನೂ ಕೈಯಾರೆ ಟೈಪ್ ಮಾಡಿ ಎಂಟರ್ ಒತ್ತಿದೆ. ಇದು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ನಡೆಯುವ ದಾರಿ. ಈ ಸಲ ಉತ್ತರ ಬಂತು: ನಿರ್ವಾಹಕರು ಇದನ್ನು ತಡೆದಿದ್ದಾರೆ.

ಇಂಥ ಹೊತ್ತಲ್ಲಿ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ತೊಂದರೆ ಈ ಪುಟದ್ದೋ, ಈ ಯಂತ್ರದ್ದೋ? ಸಂಬಂಧವೇ ಇಲ್ಲದ ಇನ್ನೊಂದು ಪುಟ ತೆರೆದು ಅದೇ ಕೀ ಒತ್ತಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒತ್ತಿದೆ. ಅಲ್ಲೂ ಇಲ್ಲ. ಅಂದರೆ ಯಂತ್ರದ್ದು. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ 'ಕ್ರೋಮ್', ಕೋಲನ್, ಎರಡು ಸ್ಲ್ಯಾಶ್, 'ಪಾಲಿಸಿ' ಅಂತ ಕೊಟ್ಟರೆ ಸಂಸ್ಥೆಯವರು ಹಾಕಿರುವ ನಿಯಮಗಳ ಪಟ್ಟಿ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅದೇ ಪಟ್ಟಿಗೆ 'ಅಬೌಟ್', ಕೋಲನ್, 'ಪಾಲಿಸೀಸ್'. ನನ್ನ ಪಟ್ಟಿಯಲ್ಲಿ ತಡೆಹಿಡಿದ ವಿಳಾಸಗಳ ಸಾಲಿನಲ್ಲಿ ವ್ಯೂ-ಸೋರ್ಸ್ ಇತ್ತು, ಪುಟದ ಒಳಗನ್ನು ಪರೀಕ್ಷಿಸಲು ಬ್ರೌಸರ್‌ನಲ್ಲೇ ಇರುವ ಡೆವಲಪರ್ ಟೂಲ್ಸ್‌ಗೂ ಬಾಗಿಲು ಹಾಕಿದ್ದರು. ಕಚೇರಿಯ ಯಂತ್ರ, ಕಚೇರಿಯ ನಿಯಮ. ಅದನ್ನು ತಪ್ಪಿಸಿಕೊಂಡು ಹೋಗುವ ದಾರಿ ಹುಡುಕುವುದು ಸರಿಯಲ್ಲ. ಲ್ಯಾಪ್‌ಟಾಪ್ ಮುಚ್ಚಿ ಸಂಜೆಗೆ ಕಾದೆ.

ಸಂಜೆ ನನ್ನ ಸ್ವಂತ ಕಂಪ್ಯೂಟರ್‌ನಲ್ಲಿ ಬೇರೆ ಪುಟಗಳ ಸೋರ್ಸ್ ಸಲೀಸಾಗಿ ತೆರೆಯಿತು. ನಮ್ಮ ಪುಟದ್ದು ಮಾತ್ರ ತೆರೆಯಲಿಲ್ಲ. ಮೌಸ್‌ನ ಬಲಗುಂಡಿ ಒತ್ತಿದರೆ ಮೆನುವೂ ಬರಲಿಲ್ಲ. ಈಗ ತೊಂದರೆ ಯಂತ್ರದ್ದಲ್ಲ, ಪುಟದ್ದು. ಪ್ರೈವೇಟ್ ವಿಂಡೋದಲ್ಲೂ ಹಾಗೇ ಇತ್ತು. ಅಲ್ಲಿ ನಾನು ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಎಕ್ಸ್‌ಟೆನ್ಶನ್‌ಗಳು ಯಾವುವೂ ಇರಲಿಲ್ಲ, ಆದ್ದರಿಂದ ಅವುಗಳ ಮೇಲಿನ ಅನುಮಾನವೂ ಹೋಯಿತು.

ಆಗ ನೆನಪಾಯಿತು. ಮೇಷ್ಟ್ರ ಬರಹಗಳನ್ನು ಯಾರೋ ಹಾಗೆ ಹಾಗೇ ನಕಲು ಮಾಡಿ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು. ಅವರು ತುಂಬ ನೊಂದುಕೊಂಡಿದ್ದರು. ಅದನ್ನು ನೋಡಲಾರದೆ ನಾನು ಬಲಗುಂಡಿಯನ್ನೂ ಕಂಟ್ರೋಲ್-ಯು, ಕಂಟ್ರೋಲ್-ಸಿ ಕೀಗಳನ್ನೂ ತಡೆಯುವ ಒಂದು ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಚಿಕ್ಕ ಪ್ರೋಗ್ರಾಂ, ಹಾಕಿದ್ದೆ. ಅದು ಕೆಲಸ ಮಾಡುವ ರೀತಿ ಸರಳ. ನಾವು ಕೀ ಒತ್ತಿದಾಗ ಬ್ರೌಸರ್ ಮೊದಲು ಆ ಸುದ್ದಿಯನ್ನು ಪುಟಕ್ಕೆ ಮುಟ್ಟಿಸುತ್ತದೆ. 'ಇದನ್ನು ನಾನು ನೋಡಿಕೊಳ್ಳುತ್ತೇನೆ, ನಿನ್ನ ಮಾಮೂಲಿ ಕೆಲಸ ಬೇಡ' ಅಂತ ಪುಟದ ಸ್ಕ್ರಿಪ್ಟ್ ಹೇಳಿದರೆ ಬ್ರೌಸರ್ ಸುಮ್ಮನಾಗುತ್ತದೆ. ಆದರೆ ಈ ಅಧಿಕಾರ ಪುಟದ ಒಳಗೆ ಗಮನ ಇರುವಷ್ಟು ಹೊತ್ತು ಮಾತ್ರ. ವಿಳಾಸಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಆಮೇಲೆ ಕಂಟ್ರೋಲ್-ಯು ಒತ್ತಿದರೆ ಸುದ್ದಿ ಪುಟಕ್ಕೆ ಹೋಗುವುದೇ ಇಲ್ಲ, ಸೋರ್ಸ್ ತೆರೆದುಕೊಳ್ಳುತ್ತದೆ. ಫೈರ್‌ಫಾಕ್ಸ್‌ನಲ್ಲಿ ಶಿಫ್ಟ್ ಹಿಡಿದು ಬಲಗುಂಡಿ ಒತ್ತಿದರೆ ಪುಟ ಎಷ್ಟೇ ತಡೆದರೂ ಮೆನು ಬರುತ್ತದೆ. ಬ್ರೌಸರ್‌ನ ಸ್ವಂತ ಮೆನುವನ್ನಂತೂ ಯಾವ ಪುಟವೂ ಮುಟ್ಟಲಾರದು.

ಇಷ್ಟು ಸುಲಭವಾಗಿ ದಾಟಬಹುದಾದ ಬೇಲಿಯಿಂದ ಮೇಷ್ಟ್ರ ಬರಹಕ್ಕೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಪುಟ ಕಣ್ಣಿಗೆ ಕಾಣುತ್ತಿದೆ ಅಂದಮೇಲೆ ಅದರ ಅಕ್ಷರಗಳೆಲ್ಲ ಓದುಗರ ಯಂತ್ರಕ್ಕೆ ಆಗಲೇ ಬಂದಿವೆ. ಕದಿಯುವವರಿಗೆ ದಾರಿ ಗೊತ್ತು. ತೊಂದರೆಯಾದದ್ದು ಒಂದು ಪದದ ಅರ್ಥವನ್ನು ತನ್ನ ಟಿಪ್ಪಣಿಗೆ ನಕಲು ಮಾಡಿಕೊಳ್ಳಲು ಬಂದ ವಿದ್ಯಾರ್ಥಿಗೆ. ಆ ಸಂಜೆಯೇ ಸ್ಕ್ರಿಪ್ಟ್ ತೆಗೆದುಹಾಕಿದೆ. ಪುಟದ ಸೋರ್ಸ್ ನೋಡಿಯೇ ಎಚ್‌ಟಿಎಂಎಲ್ ಕಲಿತವಳು ನಾನು. ಚೆನ್ನಾಗಿ ಕಂಡ ಪುಟ ಯಾವುದಾದರೂ ಇದ್ದರೆ ಅದರ ಒಳಗೆ ಇಣುಕಿ, 'ಓ, ಹೀಗೆ ಮಾಡಿದ್ದಾರೆ' ಅಂತ ಬರೆದುಕೊಳ್ಳುತ್ತಿದ್ದೆ. ಆ ಬಾಗಿಲನ್ನು ನನ್ನ ಪುಟದಲ್ಲೇ ಮುಚ್ಚಿದ್ದೆ ಅನ್ನುವುದು ನನಗೆ ನಿಜಕ್ಕೂ ಬೇಸರ ತಂದಿತು.

ಹಳೆಯದೊಂದು ನೆನಪೂ ಬಂತು. ಆಗ ನಾನು ಬಳಸುತ್ತಿದ್ದ ಬ್ರೌಸರ್ ಸೋರ್ಸನ್ನು ತಾನೇ ತೋರಿಸುತ್ತಿರಲಿಲ್ಲ, ನೋಟ್‌ಪ್ಯಾಡ್ ಕರೆಸಿ ಅದರ ಕೈಗೆ ಕೊಡುತ್ತಿತ್ತು. ಕೊಡಬೇಕಾದರೆ ಪುಟದ ಪ್ರತಿ ಡಿಸ್ಕ್‌ನಲ್ಲಿ ಇರಬೇಕಲ್ಲ? ತಾತ್ಕಾಲಿಕ ಫೈಲುಗಳ ಫೋಲ್ಡರ್ ತುಂಬಿಹೋದರೆ ಪ್ರತಿ ಉಳಿಯುತ್ತಿರಲಿಲ್ಲ, ಮೆನುವಿನಲ್ಲಿ 'ಸೋರ್ಸ್' ಒತ್ತಿದರೆ ಎರಡೂ ಸುಮ್ಮನಿರುತ್ತಿದ್ದವು. ತಪ್ಪು ಸಂದೇಶವೂ ಇಲ್ಲ. ಫೋಲ್ಡರ್ ಖಾಲಿ ಮಾಡಿದರೆ ಸರಿಹೋಗುತ್ತಿತ್ತು. ಹೀಗೆ ಪ್ರತಿ ತೆಗೆದಿಡುವ ಜಾಗಕ್ಕೆ ಕ್ಯಾಶ್ ಅನ್ನುತ್ತಾರೆ. ಕ್ಯಾಶ್‌ಗೂ ಸೋರ್ಸ್‌ಗೂ ಇರುವ ನಂಟು ನನಗೆ ಮೊದಲು ತಿಳಿದದ್ದು ಹಾಗೆ. ಈ ಕಥೆಯಲ್ಲೂ ಕ್ಯಾಶ್ ಮುಂದೆ ಬರುತ್ತದೆ.

ಮ್ಯಾಕ್ ಬಳಸುವವರಿಗೆ ಒಂದು ಮಾತು. ಅಲ್ಲಿ ಕ್ರೋಮ್‌ನಲ್ಲೂ ಸಫಾರಿಯಲ್ಲೂ ಆಪ್ಷನ್-ಕಮಾಂಡ್-ಯು, ಫೈರ್‌ಫಾಕ್ಸ್‌ನಲ್ಲಿ ಕಮಾಂಡ್-ಯು. ಸಫಾರಿಯಲ್ಲಿ ಮೊದಲು ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ ವೆಬ್ ಡೆವಲಪರ್‌ಗಳ ಸೌಲಭ್ಯ ತೋರಿಸು ಅನ್ನುವುದಕ್ಕೆ ಗುರುತು ಹಾಕಬೇಕು. ಹಾಕದಿದ್ದರೆ ಕೀ ಎಷ್ಟು ಸಲ ಒತ್ತಿದರೂ ಫಲವಿಲ್ಲ.

ಸರಿ, ಸೋರ್ಸ್ ತೆರೆಯಿತು. ಇಡೀ ಪುಟ ಒಂದೇ ಸಾಲಿನಲ್ಲಿತ್ತು. ಗಾತ್ರ ಕಡಿಮೆಯಾಗಲಿ ಅಂತ ಖಾಲಿ ಜಾಗ, ಸಾಲುಮುರಿತ ಎಲ್ಲ ತೆಗೆದುಹಾಕುವ ಏರ್ಪಾಡು ನಾನೇ ಮಾಡಿದ್ದೆ. ಕ್ರೋಮ್‌ನ ಸೋರ್ಸ್ ಪುಟದ ಮೇಲ್ಗಡೆ ಉದ್ದ ಸಾಲನ್ನು ಮಡಚಿ ತೋರಿಸುವ ಒಂದು ಚೌಕವಿದೆ, ಅದಕ್ಕೆ ಗುರುತು ಹಾಕಿದೆ. ಆಮೇಲೆ ಕಂಟ್ರೋಲ್-ಎಫ್ ಒತ್ತಿ, ಚೌಕದಲ್ಲಿ ಕಾಣುತ್ತಿದ್ದ ಹಳೆಯ ವಿವರಣೆಯ ಮೊದಲ ಎರಡು ಪದ ಟೈಪ್ ಮಾಡಿದೆ.

ಸೊನ್ನೆ ಫಲಿತಾಂಶ.

ಬೇರೆ ಪದ ಹಾಕಿದೆ. ಸೊನ್ನೆ. ಡೆವಲಪರ್ ಟೂಲ್ಸ್ ತೆರೆದು ಎಲಿಮೆಂಟ್ಸ್ ಹಾಳೆಯಲ್ಲಿ ಮೆಟಾ ಟ್ಯಾಗ್ ನೋಡಿದೆ. ಅಲ್ಲಿ ಮೇಷ್ಟ್ರ ಹೊಸ ವಾಕ್ಯ ಅಚ್ಚುಕಟ್ಟಾಗಿ ಕೂತಿತ್ತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಹಾಗಾಯಿತು: ನಮ್ಮ ಪುಟದಲ್ಲಿ ಹಳೆಯ ವಾಕ್ಯ ಇಲ್ಲವೇ ಇಲ್ಲ. ಹಾಗಾದರೆ ಆ್ಯಪ್ ತನ್ನ ಹಳೆಯ ಪ್ರತಿಯನ್ನೇ ತೋರಿಸುತ್ತಿರಬೇಕು. ಮೇಷ್ಟ್ರಿಗೆ ಹಾಗೇ ಹೇಳಿದೆ. "ನಮ್ಮ ಕಡೆ ಸರಿಯಿದೆ ಮೇಷ್ಟ್ರೇ, ಅವರ ಕಡೆ ಹಳೇದು ಉಳ್ಕೊಂಡಿದೆ. ಎರಡು ದಿನ ಕಾಯೋಣ."

ಎರಡು ದಿನ ಕಾದೆವು. ಬದಲಾಗಲಿಲ್ಲ.

ಎರಡು ಸಾಕ್ಷಿಯನ್ನೂ ನಾನು ಅರ್ಥಮಾಡಿಕೊಂಡ ರೀತಿಯೇ ತಪ್ಪಾಗಿತ್ತು. ಮೊದಲು ಎಲಿಮೆಂಟ್ಸ್ ಹಾಳೆಯದನ್ನು ಹೇಳುತ್ತೇನೆ. ಅದು ಸರ್ವರ್ ಕಳಿಸಿದ ಎಚ್‌ಟಿಎಂಎಲ್ ಅಲ್ಲ. ಬ್ರೌಸರ್ ಆ ಎಚ್‌ಟಿಎಂಎಲ್ ಓದಿ, ತನಗೆ ತಿಳಿದಂತೆ ತಿದ್ದಿ, ಸ್ಕ್ರಿಪ್ಟ್‌ಗಳನ್ನು ಓಡಿಸಿ, ಎಲ್ಲ ಮುಗಿದ ಮೇಲೆ ನೆನಪಿನಲ್ಲಿ ಕಟ್ಟಿಕೊಂಡಿರುವ ಪುಟ. ಟೇಬಲ್ ಬರೆಯುವಾಗ ನೀವು ಟಿಬಾಡಿ ಟ್ಯಾಗ್ ಹಾಕದಿದ್ದರೂ ಅಲ್ಲಿ ಕಾಣುತ್ತದೆ, ಬ್ರೌಸರ್ ತಾನೇ ಸೇರಿಸಿರುತ್ತದೆ. ನಮ್ಮ ತಾಣದಲ್ಲಿ ಪುಟ ತೆರೆದ ಮೇಲೆ ಒಂದು ಸ್ಕ್ರಿಪ್ಟ್ ಡೇಟಾ ಫೈಲ್ ಓದಿ ವಿವರಣೆಯನ್ನು ತುಂಬುತ್ತದೆ. ಹೊಸ ವಾಕ್ಯ ನಾನು ಹಾಕಿದ್ದು ಆ ಡೇಟಾ ಫೈಲ್‌ಗೆ. ಹಾಗಾಗಿ ಎಲಿಮೆಂಟ್ಸ್‌ನಲ್ಲಿ ಹೊಸದು ಕಂಡಿತು. ಲಿಂಕ್‌ನ ಚೌಕ ತಯಾರಿಸುವ ಆ್ಯಪ್ ಸ್ಕ್ರಿಪ್ಟ್ ಓಡಿಸುವ ಗೋಜಿಗೇ ಹೋಗುವುದಿಲ್ಲ. ಅದಕ್ಕೆ ಸರ್ವರ್ ಕೊಟ್ಟದ್ದೇ ವೇದವಾಕ್ಯ.

ಹಾಗಾದರೆ ಸರ್ವರ್ ಕೊಟ್ಟದ್ದರಲ್ಲಿ ಹುಡುಕಿದಾಗ ಸೊನ್ನೆ ಬಂದದ್ದೇಕೆ? ಮೂರನೇ ದಿನ ರಾತ್ರಿ, ಕನ್ನಡ ಪದ ಹುಡುಕುವುದನ್ನು ಬಿಟ್ಟು, ಟ್ಯಾಗ್‌ನ ಇಂಗ್ಲಿಷ್ ಹೆಸರನ್ನೇ, ಅಂದರೆ 'ಡಿಸ್ಕ್ರಿಪ್ಷನ್' ಅನ್ನುವುದನ್ನು ಹುಡುಕಿದೆ. ಸಿಕ್ಕಿತು. ಅದರ ಪಕ್ಕದಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ಇದ್ದದ್ದು ಸಂಖ್ಯೆಗಳ ಉದ್ದನೆಯ ಮೆರವಣಿಗೆ. ಆಂಪರ್‌ಸ್ಯಾಂಡ್, ಹ್ಯಾಶ್, 3221, ಸೆಮಿಕೋಲನ್. ಮತ್ತೆ ಆಂಪರ್‌ಸ್ಯಾಂಡ್, ಹ್ಯಾಶ್, 3240, ಸೆಮಿಕೋಲನ್. ಹೀಗೇ ಸಾಲು ಸಾಲು.

ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ಕ ಅಂದರೆ 3221, ನ ಅಂದರೆ 3240, ವಿರಾಮ ಚಿಹ್ನೆ 3277, ಡ ಅಂದರೆ 3233. 'ಕನ್ನಡ' ಅನ್ನುವ ಪದ ಕಣ್ಣಿಗೆ ಮೂರು ಅಕ್ಷರವಾಗಿ ಕಂಡರೂ ಯಂತ್ರದ ಲೆಕ್ಕದಲ್ಲಿ ಐದು: ಕ, ನ, ವಿರಾಮ, ನ, ಡ. ಒಂದೊಂದನ್ನೂ ಹೀಗೆ ಸಂಖ್ಯೆಯಲ್ಲಿ ಬರೆದರೆ ಏಳೇಳು ಚಿಹ್ನೆ ಬೇಕು, ಒಟ್ಟು 35. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ನೇರವಾಗಿ ಬರೆದಿದ್ದರೆ ಅಕ್ಷರಕ್ಕೆ ಮೂರು ಬೈಟ್‌ನಂತೆ 15 ಬೈಟ್ ಸಾಕಿತ್ತು. ಬ್ರೌಸರ್‌ಗೆ ಎರಡೂ ಒಂದೇ. ಪುಟ ತೋರಿಸುವಾಗ ಸಂಖ್ಯೆಯನ್ನು ಅಕ್ಷರ ಮಾಡಿಯೇ ತೋರಿಸುತ್ತದೆ, ಎಲಿಮೆಂಟ್ಸ್ ಹಾಳೆಯಲ್ಲೂ ಅಕ್ಷರವೇ ಕಾಣುತ್ತದೆ. ಸೋರ್ಸ್ ಪುಟ ಮಾತ್ರ ಬಂದದ್ದನ್ನು ಬಂದ ಹಾಗೇ ಇಡುತ್ತದೆ. ಅಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಪುಟಕ್ಕೆ ಅಚ್ಚಾಗಿರುವ ಈ ಟೆಂಪ್ಲೇಟನ್ನು ಹಿಂದೆ ಯಾವುದೋ ಹಳೆಯ ಎಡಿಟರ್‌ನಲ್ಲಿ ಮಾಡಿದ್ದೆ. ಇಂಗ್ಲಿಷ್ ಅಲ್ಲದ ಅಕ್ಷರ ಕಂಡರೆ ಅದು ಸಂಖ್ಯೆ ಮಾಡಿ ಉಳಿಸುತ್ತಿತ್ತು. ಇನ್ನೊಂದು ವೇಷವೂ ಇದೆ. ಸ್ಕ್ರಿಪ್ಟ್‌ನ ಒಳಗೋ ಜೇಸನ್ ಡೇಟಾದಲ್ಲೋ ಇದ್ದರೆ ಅದೇ ಕ ಅಕ್ಷರ ಬ್ಯಾಕ್‌ಸ್ಲ್ಯಾಶ್, ಯು, 0ಸಿ95 ಅಂತ ಹದಿನಾರರ ಎಣಿಕೆಯಲ್ಲಿ ಕೂತಿರಬಹುದು. ಈಗ ನನ್ನ ರೂಢಿ ಬದಲಾಗಿದೆ. ಕನ್ನಡ ಪುಟದ ಸೋರ್ಸ್‌ನಲ್ಲಿ ಏನಾದರೂ ಹುಡುಕುವಾಗ ಮೊದಲು ಟ್ಯಾಗ್‌ನ ಹೆಸರು, ಆಮೇಲೆ ಹತ್ತಿರದ ಇಂಗ್ಲಿಷ್ ಪದವೋ ಅಂಕಿಯೋ, ಕೊನೆಗೆ ಕನ್ನಡ. ಇಷ್ಟರಲ್ಲೂ ಸಿಗದಿದ್ದರೆ ಮಾತ್ರ 'ಇಲ್ಲ' ಅನ್ನುತ್ತೇನೆ. ಇಲ್ಲ ಅನ್ನುವ ಮಾತನ್ನು ಮೇಷ್ಟ್ರಿಗೆ ಅಷ್ಟು ಖಚಿತವಾಗಿ ಹೇಳಿ ಎರಡು ದಿನ ಕಾಯಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವರ ಕುತೂಹಲವೆಲ್ಲ ಆ ಸಂಖ್ಯೆಗಳ ಮೇಲೆ.

"ಪ್ರತಿ ಅಕ್ಷರಕ್ಕೂ ಇದೆಯಾ? ಳ ಅಕ್ಷರಕ್ಕೂ?"

"ಇದೆ ಮೇಷ್ಟ್ರೇ, ಪೂರ್ತಿ ಪಟ್ಟಿ ಕಳಿಸ್ತೀನಿ."

ಟೆಂಪ್ಲೇಟ್ ತಿದ್ದಿದೆ. ಸಂಖ್ಯೆಗಳ ಜಾಗದಲ್ಲಿ ಮೇಷ್ಟ್ರ ಹೊಸ ವಾಕ್ಯವನ್ನು ನೇರವಾಗಿ ಕನ್ನಡದಲ್ಲೇ ಬರೆದು, ಫೈಲನ್ನು ಯುಟಿಎಫ್-8 ಆಗಿ ಉಳಿಸಿದೆ. ಹಾಗೆ ಮಾಡುವಾಗ ಅಕ್ಷರಗಳನ್ನು ಉಳಿಸಿರುವ ಪದ್ಧತಿ ಯಾವುದು ಅಂತ ಹೇಳುವ ಮೆಟಾ ಟ್ಯಾಗ್ ಪುಟದ ಮೊದಲ 1024 ಬೈಟ್‌ಗಳ ಒಳಗೇ ಇರಬೇಕು ಅನ್ನುವುದು ಎಚ್‌ಟಿಎಂಎಲ್‌ನ ನಿಯಮ, ಹಾಗಾಗಿ ಅದನ್ನು ಹೆಡ್‌ನ ಮೊಟ್ಟಮೊದಲ ಸಾಲಿಗೆ ತಂದೆ. ಹೊಸ ಫೈಲನ್ನು ಸರ್ವರ್‌ಗೆ ಏರಿಸಿ ಸೋರ್ಸ್ ನೋಡಿದರೆ ಅವೇ ಸಂಖ್ಯೆಗಳು. ಸೋರ್ಸ್ ಇದ್ದ ಟ್ಯಾಬ್ ಹಳೆಯದು, ಅದನ್ನೂ ರೀಲೋಡ್ ಮಾಡಬೇಕು ಅಂತ ಮಾಡಿದೆ. ಆದರೂ ಸಂಖ್ಯೆಗಳೇ.

ಇನ್ನು ಬ್ರೌಸರ್ ಹೇಳಿದ್ದನ್ನು ನಂಬದೆ ನೇರವಾಗಿ ಸರ್ವರನ್ನೇ ಕೇಳಬೇಕಿತ್ತು. ಅದಕ್ಕೆ ಕರ್ಲ್ ಅನ್ನುವ ಕಮಾಂಡ್ ಇದೆ. ಮ್ಯಾಕ್‌ನಲ್ಲೂ ಹಲವು ಲಿನಕ್ಸ್‌ಗಳಲ್ಲೂ ಮೊದಲಿಂದಲೂ ಸಿಗುತ್ತದೆ. ವಿಂಡೋಸ್ 10ರಲ್ಲೂ 2018ರ ಅಪ್‌ಡೇಟ್‌ನಿಂದ ಜೊತೆಗೇ ಬರುತ್ತದೆ. ಕಮಾಂಡ್ ಕಿಟಕಿಯಲ್ಲಿ ಕರ್ಲ್ ಅಂತ ಬರೆದು ಪುಟದ ವಿಳಾಸ ಕೊಟ್ಟರೆ ಸರ್ವರ್ ಕೊಡುವ ಎಚ್‌ಟಿಎಂಎಲ್ ಹಸಿಹಸಿಯಾಗಿ ಎದುರು ಬೀಳುತ್ತದೆ. ಸ್ಕ್ರಿಪ್ಟ್ ಇಲ್ಲ, ಬ್ರೌಸರ್ ಕ್ಯಾಶ್ ಇಲ್ಲ, ಎಕ್ಸ್‌ಟೆನ್ಶನ್ ಇಲ್ಲ. ನಡುವೆ ಹೈಫನ್ ಮತ್ತು ದೊಡ್ಡ ಐ ಅಕ್ಷರ ಸೇರಿಸಿದರೆ ಹೆಡರ್‌ಗಳು, ಅಂದರೆ ಪುಟದ ಜೊತೆ ಬರುವ ವಿವರಗಳು, ಮಾತ್ರ ಬರುತ್ತವೆ. ನನಗೆ ಬಂದ ಹೆಡರ್‌ಗಳಲ್ಲಿ ಏಜ್ ಅನ್ನುವುದರ ಮುಂದೆ 41400 ಅಂತ ಇತ್ತು. ಅದು ಸೆಕೆಂಡುಗಳ ಲೆಕ್ಕ, ಅಂದರೆ ಹನ್ನೊಂದೂವರೆ ಗಂಟೆ. ಪುಟ ನಮ್ಮ ಸರ್ವರ್‌ನಿಂದ ಬರುತ್ತಿರಲಿಲ್ಲ. ನಡುವೆ ಇರುವ ಕ್ಯಾಶ್ ಸೇವೆ ಹನ್ನೊಂದೂವರೆ ಗಂಟೆ ಹಿಂದೆ ತೆಗೆದಿಟ್ಟುಕೊಂಡ ಪ್ರತಿಯನ್ನು ಎಲ್ಲರಿಗೂ ಹಂಚುತ್ತಿತ್ತು. ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ 86400 ಅಂತ, ಅಂದರೆ ಪೂರ್ತಿ ಒಂದು ದಿನ ಇಟ್ಟುಕೋ ಅಂತ, ನಾನೇ ಹೇಳಿಟ್ಟಿದ್ದೆ. ಸೇವೆಯ ಪುಟಕ್ಕೆ ಹೋಗಿ ಆ ವಿಳಾಸದ ಪ್ರತಿಯನ್ನು ಅಳಿಸಿದೆ. ಮತ್ತೆ ಕರ್ಲ್ ಮಾಡಿದಾಗ ಏಜ್ ಇರಲಿಲ್ಲ, ವಿವರಣೆ ಕನ್ನಡದಲ್ಲಿತ್ತು.

ಕರ್ಲ್ ಬೇಡ ಅನ್ನುವವರು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಹಾಳೆ ತೆರೆದಿಟ್ಟು ಪುಟವನ್ನು ರೀಲೋಡ್ ಮಾಡಬಹುದು. ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಹೆಡರ್‌ಗಳೂ ಬಂದ ಉತ್ತರವೂ ಅಲ್ಲೇ ಸಿಗುತ್ತವೆ. ಕ್ಯಾಶ್ ಬೇಡ ಅನ್ನುವ ಗುರುತೂ ಅಲ್ಲೇ ಇದೆ. ಆದರೆ ಅದು ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ನಡೆಯುತ್ತದೆ, ಅದೂ ಬ್ರೌಸರ್‌ನ ಸ್ವಂತ ಕ್ಯಾಶ್‌ಗೆ. ದೂರದ ಕ್ಯಾಶ್ ಸೇವೆ ಅದಕ್ಕೆ ಕಿವಿಗೊಡಲೇಬೇಕು ಅಂತಿಲ್ಲ. ಲಾಗಿನ್ ಆದಮೇಲಷ್ಟೇ ಕಾಣುವ ಪುಟಕ್ಕೆ, ಅಥವಾ ಫಾರಂ ತುಂಬಿ ಕಳಿಸಿದ ಮೇಲೆ ಬರುವ ಪುಟಕ್ಕೆ, ನಾನು ಈಗ ನೆಟ್‌ವರ್ಕ್ ಹಾಳೆಯನ್ನೇ ನೆಚ್ಚುತ್ತೇನೆ. ಕ್ಯಾಶ್‌ನಲ್ಲಿ ಪ್ರತಿ ಇಲ್ಲದಿದ್ದರೆ ಸೋರ್ಸ್ ತೋರಿಸಲು ಬ್ರೌಸರ್ ಮತ್ತೊಮ್ಮೆ ಸರ್ವರನ್ನು ಕೇಳಬೇಕಾಗುತ್ತದೆ, ಆಗ ಬರುವುದು ನಾವು ನೋಡುತ್ತಿದ್ದ ಪುಟವೇ ಆಗಿರಬೇಕಿಲ್ಲ.

ಮೇಷ್ಟ್ರು ಲಿಂಕ್ ಕಳಿಸಿ ನೋಡಿದರು. ಹೊಸ ವಿವರಣೆ ಬಂತು. ಚಿತ್ರ ಮಾತ್ರ ಬರಲಿಲ್ಲ.

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಈ ಭಾಗವೇ. ಚಿತ್ರದ ಮೆಟಾ ಟ್ಯಾಗ್ ಸೋರ್ಸ್‌ನಲ್ಲಿತ್ತು. ವಿವರಣೆಯ ಕೆಳಗೆ, ಹೆಡ್ ಮುಗಿಯುವ ಟ್ಯಾಗ್‌ಗಿಂತ ಮೇಲೆ. ವಿಳಾಸ ಸರಿಯಾಗಿತ್ತು, ನಕಲು ಮಾಡಿ ತೆರೆದರೆ ಚಿತ್ರ ಬರುತ್ತಿತ್ತು. ಕರ್ಲ್‌ನಲ್ಲೂ ಟ್ಯಾಗ್ ಇತ್ತು. ಎಲಿಮೆಂಟ್ಸ್ ಹಾಳೆಯಲ್ಲೂ ಇತ್ತು. ಮೂರೂ ಕಡೆ ಇದೆ ಅನ್ನುವಷ್ಟಕ್ಕೆ ತೃಪ್ತಿಪಟ್ಟು ಬೇರೆ ಕಡೆ ಹುಡುಕಲು ಹೊರಟಿದ್ದೆ. ಚಿತ್ರದ ಗಾತ್ರ ಬದಲಾಯಿಸಿದೆ, ಫೈಲ್‌ನ ಹೆಸರು ಬದಲಾಯಿಸಿದೆ.

ಉತ್ತರ ಸಿಕ್ಕಿದ್ದು ಅದೇ ಪುಟದ ಸೋರ್ಸನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದಾಗ. ಅಲ್ಲಿ ಒಂದು ಒಳ್ಳೆಯ ಗುಣವಿದೆ. ಎಚ್‌ಟಿಎಂಎಲ್‌ನಲ್ಲಿ ತಪ್ಪು ಕಂಡರೆ ಸೋರ್ಸ್ ಪುಟದಲ್ಲೇ ಆ ಟ್ಯಾಗನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ಮೌಸ್ ಅದರ ಮೇಲೆ ಒಯ್ದರೆ ತಪ್ಪೇನು ಅಂತಲೂ ಹೇಳುತ್ತದೆ. ನಮ್ಮ ಪುಟದಲ್ಲಿ ಎರಡು ಕಡೆ ಕೆಂಪಿತ್ತು. ಒಂದು, ಹೆಡ್ ಮುಗಿಯುವ ಟ್ಯಾಗ್. ಅದರ ಮೇಲೆ ಮೌಸ್ ಇಟ್ಟಾಗ, ಈ ಮುಕ್ತಾಯದ ಟ್ಯಾಗ್‌ಗೆ ಇಲ್ಲಿ ನೆಲೆಯಿಲ್ಲ ಅನ್ನುವ ಅರ್ಥದ ಸಂದೇಶ ಬಂತು. ಹೆಡ್ ಮುಗಿಸುವ ಟ್ಯಾಗ್ ಬರಬೇಕಾದ್ದು ಅಲ್ಲೇ ಅಲ್ಲವೇ? ಹೆಡ್ ಆಗಲೇ ಮುಗಿದುಹೋಗಿದ್ದರೆ ಮಾತ್ರ ಅದು ಹೆಚ್ಚಿನದಾಗುತ್ತದೆ.

ಮೇಲೆ ಹೋಗಿ ನೋಡಿದೆ. ವಿವರಣೆಗೂ ಚಿತ್ರಕ್ಕೂ ನಡುವೆ ಒಂದು ಡಿವ್, ಅಂದರೆ ಪುಟದ ಒಂದು ಭಾಗವನ್ನು ಸುತ್ತುವರಿಯುವ ಟ್ಯಾಗ್, ಇತ್ತು. ಪುಟ ನೋಡಿದವರ ಸಂಖ್ಯೆ ಎಣಿಸಲು ಯಾವುದೋ ಕಾಲದಲ್ಲಿ ಅಂಟಿಸಿದ್ದ ನಾಲ್ಕು ಸಾಲಿನ ತುಣುಕು. ಹೆಡ್‌ನ ಒಳಗೆ ಇರಬಹುದಾದ್ದು ಟೈಟಲ್, ಮೆಟಾ, ಲಿಂಕ್, ಸ್ಟೈಲ್, ಸ್ಕ್ರಿಪ್ಟ್‌ನಂಥ ಕೆಲವೇ ಟ್ಯಾಗ್‌ಗಳು. ಡಿವ್ ಅಲ್ಲಿರಬಾರದು. ಹೆಡ್ ಓದುತ್ತಿರುವ ಬ್ರೌಸರ್‌ಗೆ ಡಿವ್ ಎದುರಾದರೆ ಅದು ದೂರು ಹೇಳುವುದಿಲ್ಲ, ನಿಲ್ಲುವುದೂ ಇಲ್ಲ. 'ಕಣ್ಣಿಗೆ ಕಾಣುವ ಭಾಗ, ಅಂದರೆ ಬಾಡಿ, ಶುರುವಾಯಿತು ಅಂತ ಕಾಣುತ್ತದೆ' ಅಂದುಕೊಂಡು ಹೆಡ್ ಬಾಗಿಲು ಹಾಕಿ, ಬಾಡಿಯ ಬಾಗಿಲು ತೆರೆದು, ಡಿವ್ ಮತ್ತು ಅದರ ಮುಂದಿನದೆಲ್ಲವನ್ನೂ ಅಲ್ಲಿಗೆ ಕಳಿಸುತ್ತದೆ. ಚಿತ್ರದ ಮೆಟಾ ಟ್ಯಾಗೂ ಹಾಗೆ ಬಾಡಿಗೆ ಹೋಗಿತ್ತು. ಆಮೇಲೆ ನಾನು ಬರೆದಿದ್ದ ಹೆಡ್ ಮುಕ್ತಾಯ ಬಂದಾಗ ಮುಗಿಸಲು ಹೆಡ್ ಉಳಿದಿರಲಿಲ್ಲ. ಎರಡನೇ ಕೆಂಪು, ಅದರ ಕೆಳಗಿನ ಬಾಡಿ ಆರಂಭದ ಟ್ಯಾಗ್. ಅದೂ ಎರಡನೇ ಸಲದ್ದು.

ಎಲಿಮೆಂಟ್ಸ್ ಹಾಳೆಗೆ ಮರಳಿ, ಈ ಸಲ ಟ್ಯಾಗ್ ಇದೆಯೇ ಅಂತ ನೋಡದೆ ಎಲ್ಲಿದೆ ಅಂತ ನೋಡಿದೆ. ಬಾಡಿಯ ಒಳಗಿತ್ತು. ಮೊದಲ ಸಲವೂ ಅಲ್ಲೇ ಇದ್ದಿರಬೇಕು. ಹುಡುಕಿದ್ದು ಸಿಕ್ಕಿತು ಅನ್ನುವ ಸಂತೋಷದಲ್ಲಿ ಅದರ ತಾಯಿ ಟ್ಯಾಗ್ ಯಾವುದು ಅಂತ ನಾನು ಗಮನಿಸಿರಲಿಲ್ಲ. ಮೇಷ್ಟ್ರು ಬಳಸುವ ಆ್ಯಪ್ ಹೆಡ್‌ನಲ್ಲಿ ಮಾತ್ರ ಚಿತ್ರ ಹುಡುಕುತ್ತದೆ ಅನ್ನುವುದು ಆಮೇಲೆ ಡಿವ್ ತೆಗೆದಾಗ ಖಚಿತವಾಯಿತು. ಇದರಿಂದ ಇನ್ನೊಂದು ಹಾನಿಯೂ ಆಗುತ್ತಿತ್ತು. ಈ ಪುಟದ ಅಸಲಿ ವಿಳಾಸ ಇದು ಅಂತ ಹೇಳುವ ಕ್ಯಾನೊನಿಕಲ್ ಲಿಂಕ್ ಟ್ಯಾಗೂ ಡಿವ್‌ನ ಕೆಳಗಿತ್ತು. ಅದು ಹೆಡ್‌ನಲ್ಲಿದ್ದರೆ ಮಾತ್ರ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಷ್ಟು ಕಾಲದಿಂದ ಅದು ಯಾರ ಕಣ್ಣಿಗೂ ಬೀಳದೆ ಇತ್ತೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಸೋರ್ಸ್ ಪುಟ ಒಂದನ್ನೇ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ. ಅಲ್ಲಿ ಟ್ಯಾಗ್ ಹೆಡ್‌ನ ಒಳಗೇ ಇತ್ತು. ಎಲಿಮೆಂಟ್ಸ್ ಒಂದನ್ನೇ ನೋಡಿದ್ದರೆ ಟ್ಯಾಗನ್ನು ನಾನೇ ಬಾಡಿಯಲ್ಲಿ ಬರೆದಿದ್ದೇನೆ ಅಂದುಕೊಳ್ಳುತ್ತಿದ್ದೆ. ಎರಡನ್ನೂ ಅಕ್ಕಪಕ್ಕ ಇಟ್ಟು, ಸರ್ವರ್ ಕೊಟ್ಟದ್ದು ಏನು, ಬ್ರೌಸರ್ ಅದರಿಂದ ಕಟ್ಟಿದ್ದು ಏನು ಅಂತ ಸಾಲು ಸಾಲಾಗಿ ಹೋಲಿಸಿದಾಗಲೇ ನಡುವೆ ನಡೆದದ್ದು ಗೊತ್ತಾದದ್ದು. ಫೈರ್‌ಫಾಕ್ಸ್‌ನಲ್ಲಿ ಹೋಲಿಸುವುದು ಸುಲಭ. ಪುಟದಲ್ಲಿ ಕಂಟ್ರೋಲ್-ಎ ಒತ್ತಿ ಎಲ್ಲ ಆರಿಸಿ, ಬಲಗುಂಡಿ ಮೆನುವಿನಲ್ಲಿ ಆರಿಸಿದ ಭಾಗದ ಸೋರ್ಸ್ ಕೇಳಿದರೆ ಬ್ರೌಸರ್ ಕಟ್ಟಿದ ಪುಟವೇ ಪಠ್ಯವಾಗಿ ಬರುತ್ತದೆ. ಒಂದು ಟ್ಯಾಬ್‌ನಲ್ಲಿ ಅದು, ಪಕ್ಕದಲ್ಲಿ ಕಂಟ್ರೋಲ್-ಯು ಕೊಟ್ಟದ್ದು.

ಡಿವ್ ತೆಗೆದು ಬಾಡಿಯ ಕೊನೆಗೆ ಹಾಕಿದೆ. ಫೈಲ್ ಏರಿಸಿದೆ, ಕ್ಯಾಶ್ ಅಳಿಸಿದೆ, ಕರ್ಲ್ ಮಾಡಿದೆ, ಫೈರ್‌ಫಾಕ್ಸ್‌ನಲ್ಲಿ ಸೋರ್ಸ್ ತೆರೆದೆ. ಕೆಂಪು ಇರಲಿಲ್ಲ.

ಮೇಷ್ಟ್ರಿಗೆ ಈ ಹೊತ್ತಿಗೆ ತಾವೇ ನೋಡಬೇಕು ಅನ್ನಿಸಿತ್ತು. ಅವರ ಹತ್ತಿರ ಇರುವುದು ಆಂಡ್ರಾಯ್ಡ್ ಫೋನ್, ಅದರಲ್ಲಿ ಕ್ರೋಮ್. ವ್ಯೂ-ಸೋರ್ಸ್ ಸೇರಿಸಿದ ವಿಳಾಸವನ್ನು ಮೆಸೇಜ್‌ನಲ್ಲಿ ಕಳಿಸಿದೆ. ಒತ್ತಿದರೆ ತೆರೆಯುತ್ತಿಲ್ಲ ಅಂದರು. ತೆರೆಯದಿರುವುದು ಸಹಜ. ಅಂಥ ವಿಳಾಸ ಮಾಮೂಲಿ ಲಿಂಕ್‌ನಂತೆ ನಡೆಯುವುದಿಲ್ಲ, ಬೇರೆ ಪುಟದಿಂದ ಕೊಂಡಿ ಕೊಟ್ಟರೂ ಬ್ರೌಸರ್‌ಗಳು ಸುರಕ್ಷತೆಯ ಕಾರಣಕ್ಕೆ ತಡೆಯುತ್ತವೆ. ಕೈಯಾರೆ ಟೈಪ್ ಮಾಡಬೇಕು, ಇಲ್ಲವೇ ನಕಲು ಮಾಡಿ ವಿಳಾಸಪಟ್ಟಿಯಲ್ಲಿ ಅಂಟಿಸಬೇಕು.

"ನಮ್ಮ ಪುಟ ತೆರೀರಿ ಮೇಷ್ಟ್ರೇ. ಮೇಲೆ ವಿಳಾಸ ಇದೆಯಲ್ಲ, ಅದನ್ನ ಒತ್ತಿ, ಮುಂದಕ್ಕೆ ಹೋಗಿ, ನಾನು ಕಳಿಸಿದ್ದನ್ನ ಸೇರಿಸಿ. ನಡುವೆ ಜಾಗ ಬಿಡಬೇಡಿ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಬಂತಮ್ಮಾ. ನನ್ನ ವಾಕ್ಯ ಇಲ್ಲಿದೆ ನೋಡು" ಅಂದರು. ಸಣ್ಣ ಪರದೆಯಲ್ಲಿ ಅದನ್ನು ಓದುವುದು ಸುಲಭವಲ್ಲ. ಅವರು ಫೋನನ್ನು ಅಡ್ಡ ಮಾಡಿಕೊಂಡು ಓದುತ್ತಲೇ ಹೋದರು. ಲಿಂಕ್ ಕಳಿಸಿದರು, ಚಿತ್ರ ಬಂತು. ಆದರೂ ಫೋನ್ ಇಡಲಿಲ್ಲ. ನಾನು ಕಳಿಸಿದ್ದ ಅಕ್ಷರಗಳ ಪಟ್ಟಿ ಅವರ ಮೇಜಿನ ಮೇಲೆ ಇತ್ತಂತೆ.

"ಪರಿಚಯದ ಪುಟದ್ದೂ ನೋಡಿದೆ. ಅಲ್ಲಿ ಇನ್ನೂ ಸಂಖ್ಯೆಗಳೇ ಇವೆಯಲ್ಲಮ್ಮಾ. 3246 ಅಂತ ಶುರುವಾಗುತ್ತೆ. ಅದು ಮ ಅಲ್ವಾ?"

"ಹೌದು ಮೇಷ್ಟ್ರೇ, ಮ" ಅಂದೆ. ಆ ಟೆಂಪ್ಲೇಟ್ ತೆರೆದೆ.